ಒಂದು ವಾಕ್ಯ, ಲಕ್ಷ ಕಿವಿಗಳು

ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಹೂವಿನ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಿ ಬಂದವರು ಆ ನೋಟವನ್ನು ಮರೆಯಲಾರರು. ಡೆಂಕನಮರಡಿಯ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರ ಜನ. ಕರಿಯ ಕಂಬಳಿಯ ಗೊರವರು, ಡಮರುಗದ ದನಿ, ಭಂಡಾರದ ಹಳದಿ. ಉಪವಾಸ ವ್ರತ ಹಿಡಿದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ “ಸದ್ದಲೇ!” ಎಂದು ಕೂಗುವನು. ಅಷ್ಟೂ ಜನರ ಗದ್ದಲ ಆ ಕ್ಷಣವೇ ಅಡಗುವುದು. ಒಂದು ವಾಕ್ಯ ನುಡಿದು ಅವನು ಮೇಲಿನಿಂದ ಕೆಳಗೆ ಬೀಳುವನು. ಅದೇ ಕಾರ್ಣಿಕ.

ಇಂದು ಅದೇ ಬಯಲಿನಲ್ಲಿ ಮೊಬೈಲ್ ಎತ್ತಿ ಹಿಡಿದ ಕೈಗಳೂ ಕಾಣುವುವು. ಕಂಡದ್ದನ್ನು ಕಂಡ ಹಾಗೆಯೇ ಲೋಕಕ್ಕೆ ತೋರುವ ‘ಲೈವ್’ ಎಂಬುದು ಈಗ ಮನೆ ಮನೆಯ ಮಾತು. ನಮ್ಮ ಮನೆಯ ಹುಡುಗರಲ್ಲಿಯೂ ಎಷ್ಟೋ ಮಂದಿ ಫೋನನ್ನು ಗೋಡೆಗೊರಗಿಸಿ ಮಾತಿಗೆ ಕೂರುವರು. ನೋಡುವವರು ಇಂದು ಇರುವರು, ನಾಳೆ ಇಲ್ಲ. ಹಾಗಿದ್ದಲ್ಲಿ ವರ್ಷ ವರ್ಷವೂ ತಪ್ಪದೆ ಬರುವ ಮೈಲಾರದ ಜನವನ್ನು ಹಿಡಿದಿಟ್ಟುದು ಯಾವುದು?

ಮೊದಲನೆಯದು, ಹೊತ್ತು. ಯಾರೂ ಕರೆಯೋಲೆ ಕಳುಹಿಸಬೇಕಾಗಿಲ್ಲ. ದಿನ ಗೊತ್ತು, ಸ್ಥಳ ಗೊತ್ತು. ಎರಡನೆಯದು, ಮಿತ. ಆಡಿದ್ದು ಒಂದೇ ವಾಕ್ಯವಾದ್ದರಿಂದ ಅದು ಊರೂರಿಗೆ ಬಾಯಿಂದ ಬಾಯಿಗೆ ಸಾಗುವುದು. ಮೂರನೆಯದೇ ಮುಖ್ಯ. ವಾಕ್ಯ ಗೊರವಯ್ಯನದು, ಅರ್ಥ ಜನರದು. ಮಳೆಯೋ, ಬೆಳೆಯೋ, ರಾಜಕೀಯವೋ ಎಂದು ಕಟ್ಟೆಯ ಮೇಲೆ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಚರ್ಚೆ ನಡೆಯುವುದು. ಕೇಳಲು ಬಂದವನು ಹೇಳುವವನಾಗಿ ಮನೆಗೆ ಮರಳುವನು. ಗುಂಪು ಬಳಗವಾಗುವುದು ಅಲ್ಲಿ.

ಕಾಣದ ಕೇಳುಗರ ಬಳಗವನ್ನು ಕಟ್ಟಲು ಹೊರಟ ಕನ್ನಡಿಗರೊಬ್ಬರು ಹಿಂದೆಯೂ ಇದ್ದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ಪ್ರಸಾರ ಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಅದಕ್ಕೆ ಬಂದ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ದೇಶದ ರೇಡಿಯೋ ಸಂಸ್ಥೆಯೇ ತನ್ನದಾಗಿಸಿಕೊಂಡಿತು. ಒಂದು ಮನೆಯ ಕೋಣೆಯಿಂದ ಹೊರಟ ದನಿಗೂ ಕೇಳುಗರು ದೊರೆತರು ಎಂಬುದು ಇಂದಿನ ತರುಣರು ನೆನೆಯಬೇಕಾದ ಸಂಗತಿ.

ಈ ಸೀಮೆಗೆ ಲೈವ್ ಬರಿಯ ವಿನೋದವಲ್ಲ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ನಾಡು. ಮಳೆ ಕೈಕೊಟ್ಟರೆ ಬೆಂಗಳೂರಿನ ಕಟ್ಟಡಗಳಿಗೆ, ಮಲೆನಾಡಿನ ಕಾಫಿ ತೋಟಗಳಿಗೆ ದುಡಿಯಲು ಹೋಗುವವರು ಕಡಿಮೆಯಿಲ್ಲ. ಕೊಟ್ಟೂರೇಶ್ವರನ ತೇರೆಳೆಯುವ ದಿನ ರಜೆ ಸಿಗದೆ ದೂರದಲ್ಲಿ ಉಳಿದವನಿಗೆ ಅಂಗೈಯ ಪರದೆಯಲ್ಲಿ ತೇರಿನ ಕಳಸ ಕಂಡರೆ ಸಾಕು, ಕಣ್ಣು ತೇವವಾಗುವುದು. ತೋರಿಸುವವನು ಅವನನ್ನು ಲೆಕ್ಕದ ಒಂದು ಅಂಕಿ ಎಂದೆಣಿಸದೆ, “ಅಣ್ಣಾ, ಯಾವ ಊರಿಂದ ನೋಡ್ತಾ ಇದ್ದೀರಿ? ಊಟ ಆಯಿತೇ?” ಎಂದು ಕೇಳಿದರೆ ಆ ನಂಟು ಬಿಡುವುದುಂಟೇ?

ಇಷ್ಟರಲ್ಲಿಯೇ ಅಪಾಯವೂ ಇದೆ. ನಾಲ್ಕು ಜನ ಹೆಚ್ಚು ಬರಲೆಂದು ಸುಳ್ಳು ಸುದ್ದಿ ಬಿತ್ತಿದರೆ, ನಂಬಿದವರಿಗೆ ಕಳಪೆ ಸರಕನ್ನು ಹೊಗಳಿ ಮಾರಿಸಿದರೆ, ವರ್ಷಗಳ ವಿಶ್ವಾಸ ಒಂದೇ ಸಂಜೆಯಲ್ಲಿ ಕರಗುವುದು. ಹಡಗಲಿಯ ಮಲ್ಲಿಗೆ ಮಾರುವವಳಿಗೆ ಇದು ಚೆನ್ನಾಗಿ ಗೊತ್ತು. ನಿನ್ನೆಯ ಹೂವನ್ನು ಇಂದಿನದೆಂದು ಒಮ್ಮೆ ಕೊಟ್ಟರೆ, ಆ ಮನೆಯ ಬಾಗಿಲು ಅವಳಿಗೆ ಮತ್ತೆ ತೆರೆಯದು.

ಆದ್ದರಿಂದ ಮನೆಯ ತರುಣರು ಲೈವ್‌ಗೆ ಕೂತಾಗ ಹಿರಿಯರು ಗದರಬೇಕಾಗಿಲ್ಲ. ಎರಡು ಮಾತು ಹೇಳಿದರೆ ಸಾಕು. ಹೇಳಿದ ಹೊತ್ತಿಗೆ ಬಾ, ನಿಜವನ್ನೇ ಆಡು. ಬಂದವರು ಹತ್ತೇ ಜನರಾದರೂ ಅವರ ಮಾತಿಗೂ ಕಿವಿಗೊಡು. ಮೈಲಾರದ ಬಯಲೂ ಒಂದೇ ದಿನದಲ್ಲಿ ತುಂಬಿದ್ದಲ್ಲ.