ತಿರುವಿನ ತೆರಿಗೆ

2009ರ ಆಗಸ್ಟ್ 16ರಂದು ಬರ್ಲಿನ್ ನಗರದಲ್ಲಿ ನೂರು ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿ ಜಗತ್ತನ್ನು ಬೆರಗುಗೊಳಿಸಿದ ಉಸೇನ್ ಬೋಲ್ಟ್, ನಾಲ್ಕು ದಿನಗಳ ತರುವಾಯ ಅದೇ ಕ್ರೀಡಾಂಗಣದಲ್ಲಿ ಇನ್ನೂರು ಮೀಟರನ್ನು 19.19 ಸೆಕೆಂಡಿನಲ್ಲಿ ಮುಗಿಸಿ ಮತ್ತೊಂದು ವಿಶ್ವದಾಖಲೆಯನ್ನು ಸ್ಥಾಪಿಸಿದನಾದರೂ, ಆ ಓಟದ ಪೂರ್ವಾರ್ಧಕ್ಕೆ ಅವನಿಗೆ 9.92 ಸೆಕೆಂಡು ಹಿಡಿಯಿತು. ಮುಂದಿನ ನೂರು ಮೀಟರಿಗೆಂದು ಬಲವನ್ನು ಕಾಯ್ದಿರಿಸಿಕೊಂಡ ಜಾಣ್ಮೆಯೂ ಇದರಲ್ಲಿ ಸೇರಿರಬಹುದು. ಆದರೆ ಆ ಪೂರ್ವಾರ್ಧವೆಲ್ಲ ತಿರುವಿನಲ್ಲಿಯೇ ಕಳೆಯಿತೆಂಬುದನ್ನು ಮರೆಯಲಾಗದು. ಇನ್ನೂ ನಿಚ್ಚಳವಾದ ನಿದರ್ಶನ ಬೇಕಾದರೆ ಅಮೆರಿಕದ ಟಾಮಿ ಸ್ಮಿತ್ ಇದ್ದಾನೆ: 1966ನೆಯ ಒಂದೇ ವರ್ಷದಲ್ಲಿ ಅವನು ನೇರ ಪಥದಲ್ಲಿ ಇನ್ನೂರು ಮೀಟರನ್ನು 19.5 ಸೆಕೆಂಡಿನಲ್ಲಿಯೂ, ತಿರುವುಳ್ಳ ಪಥದಲ್ಲಿ 20.0 ಸೆಕೆಂಡಿನಲ್ಲಿಯೂ ಓಡಿದನು. ತಿರುವು ವಸೂಲು ಮಾಡಿದ ತೆರಿಗೆ ಅರ್ಧ ಸೆಕೆಂಡು.

ಇದಕ್ಕೆ ಕಾರಣವೇನು? ಪ್ರಮಾಣಬದ್ಧವಾದ ನಾನೂರು ಮೀಟರಿನ ಓಟಪಥದಲ್ಲಿ ತಿರುವಿನ ಒಳಅಂಚಿನ ತ್ರಿಜ್ಯ 36.5 ಮೀಟರು. ಸೆಕೆಂಡಿಗೆ ಹತ್ತು ಮೀಟರು ವೇಗದಲ್ಲಿ ಅದನ್ನು ಬಳಸಿ ಓಡುವವನು ತನ್ನ ದೇಹಭಾರದ ಕಾಲುಭಾಗಕ್ಕೂ ಮಿಗಿಲಾದ ಬಲವನ್ನು ಪಕ್ಕಕ್ಕೆ ಪ್ರಯೋಗಿಸಬೇಕಾಗುತ್ತದೆ. ಅದಕ್ಕಾಗಿಯೇ ಅವನ ಶರೀರ ಸುಮಾರು ಹದಿನೈದು ಡಿಗ್ರಿ ಒಳಮುಖವಾಗಿ ವಾಲುತ್ತದೆ. ಭಾರವನ್ನು ಹೊರುವ ಕಾಲೇ ದೇಹವನ್ನು ತಿರುಗಿಸುವ ಹೊಣೆಯನ್ನೂ ಹೊತ್ತಾಗ, ಪಾದ ನೆಲದ ಮೇಲೆ ಎಂದಿಗಿಂತ ಹೆಚ್ಚು ಹೊತ್ತು ತಂಗುತ್ತದೆ, ವೇಗ ಇಳಿಯುತ್ತದೆ. ಅದರಲ್ಲಿಯೂ ಒಳಬದಿಯ ಎಡಗಾಲಿನ ಪಾಡು ಕಠಿಣ. ಓರೆಯಾಗಿ ಊರಿದ ಪಾದದಿಂದ ಅದು ಬಲಗಾಲಿನಷ್ಟು ಒತ್ತಡವನ್ನು ಹೊಮ್ಮಿಸಲಾರದು. ಸ್ವಾರಸ್ಯವೆಂದರೆ ಗ್ರೇಹೌಂಡ್ ನಾಯಿಗಳಿಗೆ ಈ ತೆರಿಗೆ ಇಲ್ಲ: ಅವು ತಿರುವಿನಲ್ಲಿ ವೇಗವನ್ನು ತಗ್ಗಿಸುವುದೇ ಇಲ್ಲವೆಂದು ಇಂಗ್ಲೆಂಡಿನ ಅಷರ್‌ವುಡ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದರು. ನಾಯಿಯ ಓಟಕ್ಕೆ ಚಾಲಕಬಲ ಸೊಂಟ ಬೆನ್ನುಗಳ ಸ್ನಾಯುಗಳಿಂದ ಬರುವುದೆಂದೂ, ಆದುದರಿಂದ ಕಾಲಿನ ಮೇಲೆ ಭಾರ ಹೆಚ್ಚಿದರೂ ಓಟ ಕುಂಟುವುದಿಲ್ಲವೆಂದೂ ಅವರ ವಿವರಣೆ.

ತಿರುವು ಬಿಗಿಯಾದಷ್ಟೂ ಈ ನಷ್ಟ ಹೆಚ್ಚು. ಎಂಟನೆಯ ಲೇನಿನ ತ್ರಿಜ್ಯ 45 ಮೀಟರಿನಷ್ಟಿರುವುದರಿಂದ ಅಲ್ಲಿ ವಾಲುವಿಕೆ ಕಡಿಮೆ. ಆದರೆ ಎದುರಾಳಿಗಳೆಲ್ಲ ಬೆನ್ನ ಹಿಂದಿರುವುದರಿಂದ ಓಟಗಾರನಿಗೆ ತನ್ನ ಸ್ಥಿತಿ ತಿಳಿಯದು. ಈ ಏಕಾಂತವನ್ನು ಲೆಕ್ಕಿಸದೆ ದಕ್ಷಿಣ ಆಫ್ರಿಕದ ವೇಡ್ ವಾನ್ ನೀಕರ್ಕ್ 2016ರ ರಿಯೊ ಒಲಿಂಪಿಕ್ಸಿನಲ್ಲಿ ಅದೇ ಲೇನಿನಿಂದ ನಾನೂರು ಮೀಟರನ್ನು 43.03 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದನು. ಒಳಾಂಗಣದ ಪುಟ್ಟ ಪಥದಲ್ಲಿಯಾದರೋ ಒಳಲೇನಿನವರಿಗೆ ಗೆಲ್ಲುವ ಆಸೆಯೇ ಉಳಿಯದಾಗಿ, 2004ರ ತರುವಾಯ ವಿಶ್ವ ಒಳಾಂಗಣ ಕೂಟದಿಂದ ಇನ್ನೂರು ಮೀಟರಿನ ಸ್ಪರ್ಧೆಯನ್ನೇ ಕೈಬಿಡಲಾಯಿತು. ನ್ಯಾಯವಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಆದಕಾರಣ ತರಬೇತುದಾರರು ತಿರುವನ್ನು ಪ್ರತ್ಯೇಕ ವಿದ್ಯೆಯಾಗಿಯೇ ಕಲಿಸುತ್ತಾರೆ. ಸ್ಟಾರ್ಟಿಂಗ್ ಬ್ಲಾಕನ್ನು ಲೇನಿನ ಹೊರಅಂಚಿಗೆ ಸರಿಸಿ, ಒಳಗೆರೆಗೆ ಸ್ಪರ್ಶರೇಖೆಯಾಗುವಂತೆ ಓರೆಯಾಗಿ ನಿಲ್ಲಿಸಿದರೆ, ಮೊದಲ ಕೆಲವು ಹೆಜ್ಜೆಗಳಾದರೂ ನೇರವಾಗಿ ಬೀಳುತ್ತವೆ. ಹೀಗೆ ಕುಳಿತಾಗ ಎಡಗೈ ಪ್ರಾರಂಭರೇಖೆಗಿಂತ ತುಸು ಹಿಂದೆಯೇ ಊರಬೇಕು. ಬಾಗುವುದು ಸೊಂಟದಿಂದಲ್ಲ, ಸೈಕಲ್ ಸವಾರನಂತೆ ಅಡಿಯಿಂದ ಮುಡಿಯವರೆಗೆ ಒಂದೇ ರೇಖೆಯಾಗಿ ಎಂಬ ಪಾಠ ಮೈಗೂಡುವುದಕ್ಕೆ ಅರವತ್ತು ಎಂಬತ್ತು ಮೀಟರುಗಳ ತಿರುವಿನ ಓಟಗಳನ್ನು ಪುನಃ ಪುನಃ ಓಡಿಸುತ್ತಾರೆ. ಸದಾ ಎಡಕ್ಕೇ ತಿರುಗುವುದರಿಂದ ಎಡಗಾಲಿನ ಹರಡು ಮೀನಖಂಡಗಳು ಬಳಲುವುದುಂಟು. ಅದನ್ನು ಅರಿತವರು ಹದವಾದ ವೇಗದ ಕೆಲವು ಸುತ್ತುಗಳನ್ನು ವಿರುದ್ಧ ದಿಕ್ಕಿನಲ್ಲಿ, ಬಲಕ್ಕೆ ತಿರುಗಿ, ಓಡಿಸುತ್ತಾರೆ.