ಎಷ್ಟು ಮಾರಿತು? ಎಷ್ಟು ಉಳಿಯಿತು?

ಕೋಲಾರ ಸೀಮೆಯ ಮಾವಿನ ಬೆಳೆಗಾರನಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. 2025ರ ಜೂನ್ ತಿಂಗಳಲ್ಲಿ ತೋತಾಪುರಿಯ ಫಸಲು ಸಮೃದ್ಧವಾಗಿತ್ತು. ಬೆಲೆ ಪಾತಾಳಕ್ಕಿಳಿದು, ಶ್ರೀನಿವಾಸಪುರದ ರೈತರು ಬೀದಿಗಿಳಿಯಬೇಕಾಯಿತು.

ಮಕ್ಕಳು ಟೆಲಿವಿಷನ್ನಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರಗಳ ವ್ಯಾಪಾರಕ್ಕೂ ಇದೇ ನ್ಯಾಯ. ಜಪಾನಿನ ಸೋನಿ ಕಂಪನಿ 2006ರಲ್ಲಿ ಹೊರತಂದ ಪ್ಲೇಸ್ಟೇಷನ್ 3, ಒಟ್ಟು ಸುಮಾರು 8 ಕೋಟಿ 74 ಲಕ್ಷ ಮಾರಾಟವಾಯಿತು. ಆದರೆ ತಯಾರಿಕೆಯ ವೆಚ್ಚಕ್ಕಿಂತ ಅಗ್ಗವಾಗಿ ಮಾರಿದುದರಿಂದ, 2006-07ರಲ್ಲಿ ಕಂಪನಿಯ ಆಟಗಳ ವಿಭಾಗ ಸುಮಾರು 23,200 ಕೋಟಿ ಯೆನ್ ನಷ್ಟ ಅನುಭವಿಸಿತು. ನಿಂಟೆಂಡೊ ಸಂಸ್ಥೆಯ ಗೇಮ್‌ಕ್ಯೂಬ್ (2001) ಮಾರಿದ್ದು 2 ಕೋಟಿ 17 ಲಕ್ಷವಷ್ಟೆ. ಅದಕ್ಕೆ ಸೋತ ಯಂತ್ರವೆಂಬ ಹೆಸರೂ ಬಂದಿತು. ಆದರೂ ಆ ವರ್ಷಗಳ ವಾರ್ಷಿಕ ಲೆಕ್ಕದಲ್ಲಿ ಸಂಸ್ಥೆ ಲಾಭದಲ್ಲಿಯೇ ಇದ್ದಿತು. ಗೆದ್ದವರಾರು, ವಾಚಕರೇ ಹೇಳಲಿ!

ಯಂತ್ರದಲ್ಲಿ ಕಳೆದುದನ್ನು ಆಟಗಳ ಮಾರಾಟದಲ್ಲಿ ಗಳಿಸುವುದೇ ಈ ವ್ಯಾಪಾರದ ಗುಟ್ಟು. ಮಾವಿನ ರೈತನಿಗೆ ಅಂತಹ ಎರಡನೆಯ ಸರಕು ಎಲ್ಲಿಂದ ಬರಬೇಕು?

ಕೊಂಡವರ ಪಾಡು ಬೇರೆ. 2001ರಲ್ಲಿ ಸೇಗಾ ಕಂಪನಿ ನಷ್ಟ ತಾಳಲಾರದೆ ಡ್ರೀಮ್‌ಕಾಸ್ಟ್ ತಯಾರಿಕೆಯನ್ನು ಕೈಬಿಟ್ಟಿತು. ಹಣ ತೆತ್ತ ತಂದೆತಾಯಿಗಳ ಮನೆಯಲ್ಲಿ ಯಂತ್ರವೇನೋ ಉಳಿಯಿತು. ಹೊಸ ಆಟಗಳು ಬರುವುದು ಕ್ರಮೇಣ ನಿಂತುಹೋಯಿತು.