ನೆಲದಡಿಯ ತೊಟ್ಟಿ, ಅಂಗಳದ ಬಾವಿ

ಮೂಡುಬಿದಿರೆಯ ಕಡೆ ಹೊಸ ಮನೆ ಕಟ್ಟುವಾಗ ಬಾಗಿಲಿನ ದಿಕ್ಕು ಕೇಳುವವರುಂಟು, ಬಾವಿಗೆ ಜಾಗ ನೋಡಿಸುವವರುಂಟು. ಶೌಚಾಲಯದ ಸೆಪ್ಟಿಕ್ ಟ್ಯಾಂಕಿನ ಕೊಳವೆಗಳು ಎಲ್ಲಿ ಕೂರಬೇಕೆಂದು ಕೇಳುವವರು ಕಡಿಮೆ. ಅದು ಮೇಸ್ತ್ರಿಯ ಕೆಲಸವೆಂದು ಬಿಟ್ಟುಬಿಡುತ್ತಾರೆ. ಆದರೆ ಬಾವಿಯ ನೀರಿನ ಶುದ್ಧಿ ಆ ಕೊಳವೆಗಳ ಮೇಲೂ ನಿಂತಿದೆ.

ಒಂದು ಬಾಟಲಿಯಲ್ಲಿ ನೀರು, ಮರಳು, ಎಣ್ಣೆ ಹಾಕಿ ಕುಲುಕಿ ಇಟ್ಟು ನೋಡಿ. ಮರಳು ತಳಕ್ಕಿಳಿಯುತ್ತದೆ, ಎಣ್ಣೆ ತೇಲುತ್ತದೆ, ನಡುವೆ ನೀರು ನಿಲ್ಲುತ್ತದೆ. ಟ್ಯಾಂಕಿನಲ್ಲಿ ನಡೆಯುವುದೂ ಇದೇ. ಗಾಳಿ ಬೇಡದ ಬ್ಯಾಕ್ಟೀರಿಯಾಗಳು ತಳದ ಕೆಸರನ್ನು ನಿಧಾನವಾಗಿ ಕರಗಿಸುತ್ತವೆ. ಇದಕ್ಕೆ ನೀರು ಕದಡಬಾರದು. ಆದ್ದರಿಂದಲೇ ಒಳಬರುವ ಕೊಳವೆಗೂ ಹೊರಹೋಗುವ ಕೊಳವೆಗೂ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಜೋಡಣೆ ಬೇಕು. ಮೊದಲನೆಯದು ಹೊಲಸನ್ನು ಮೆಲ್ಲನೆ ಕೆಳಗಿಳಿಸುತ್ತದೆ. ಎರಡನೆಯದು ತೇಲುವ ಕೆನೆಯನ್ನು ತಡೆದು ನಡುವಿನ ನೀರನ್ನಷ್ಟೇ ಬಿಡುತ್ತದೆ. ಹೊರಕೊಳವೆ ಒಳಕೊಳವೆಗಿಂತ ಸುಮಾರು 5 ಸೆಂಟಿಮೀಟರ್ ತಗ್ಗಿನಲ್ಲಿರಬೇಕು. ಇಲ್ಲದಿದ್ದರೆ ಹೊಲಸು ಹಿಂದಕ್ಕೆ ಒತ್ತರಿಸುತ್ತದೆ.

ಸಮುದ್ರದ ಹಾಯಿದೋಣಿಯಲ್ಲೂ ಕೊಳವೆಯ ಎತ್ತರವೇ ಮುಖ್ಯ. ಅಲ್ಲಿ ಶೌಚದ ಪಾತ್ರೆ ಎಷ್ಟೋ ವೇಳೆ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಕೊಳವೆಯನ್ನು ಆ ಮಟ್ಟಕ್ಕಿಂತ ಮೇಲಕ್ಕೆ ಬಾಗಿಸಿ, ಅದರ ತುದಿಯಲ್ಲಿ ಗಾಳಿಯ ಕವಾಟ ಇಡುತ್ತಾರೆ. ಇಡದಿದ್ದರೆ ಸೈಫನ್ ಕ್ರಿಯೆಯಿಂದ ಕಡಲೇ ದೋಣಿಯೊಳಗೆ ಹರಿದು ಬರಬಹುದು!

ಟ್ಯಾಂಕಿನಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತವೆ. ಮೊದಲನೆಯದು ಉರಿಯುವ ಅನಿಲ, ಎರಡನೆಯದು ವಿಷ. ಅವು ಹೊರಹೋಗಲು ಮಾಡಿಗಿಂತ ಎತ್ತರದ ಗಾಳಿಕೊಳವೆ ಬೇಕು, ಅದರ ಬಾಯಿಗೆ ಸೊಳ್ಳೆಬಲೆ ಬೇಕು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಆದ್ದರಿಂದ ಟ್ಯಾಂಕಿನೊಳಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಬಾರದು. ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸುವುದು 2013ರ ಕಾಯ್ದೆಯಂತೆ ಅಪರಾಧ. ಹೀರುಯಂತ್ರದ ವಾಹನ ಕರೆಸುವುದೇ ದಾರಿ.

ಟ್ಯಾಂಕಿನಿಂದ ಹೊರಬಂದ ನೀರೂ ಶುದ್ಧವಲ್ಲ, ಅದರಲ್ಲಿ ರೋಗಾಣುಗಳಿರುತ್ತವೆ. ಅದನ್ನು ಇಂಗಿಸುವ ಗುಂಡಿ ಬಾವಿಯಿಂದ ಕನಿಷ್ಠ 18 ಮೀಟರ್ ದೂರವಿರಬೇಕು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಕರಾವಳಿಯ ಮುರಕಲ್ಲಿನ ತುಂಬ ರಂಧ್ರಗಳು. ಆಟಿಯ ಮಳೆಗೆ ಅಂತರ್ಜಲ ಮೇಲೇರಿದಾಗ ಗುಂಡಿಗೂ ಬಾವಿಗೂ ನಡುವಿನ ಸೋಸುವ ಮಣ್ಣು ಕಡಿಮೆಯಾಗುತ್ತದೆ. ಸಾಧ್ಯವಾದರೆ ಬಾವಿ ಎತ್ತರದಲ್ಲಿ, ಗುಂಡಿ ತಗ್ಗಿನಲ್ಲಿ ಇರಲಿ. ಕುಡಿಯುವ ನೀರನ್ನು ಕುದಿಸಿಯೇ ಕುಡಿಯಿರಿ.

ಮಕ್ಕಳೇ, ಈ ಭಾನುವಾರ ಒಂದು ಟೇಪು ಹಿಡಿದು ಅಪ್ಪ ಅಮ್ಮನ ಜತೆ ಅಂಗಳಕ್ಕಿಳಿಯಿರಿ. ಬಾವಿಯಿಂದ ಗುಂಡಿಗೆ ಎಷ್ಟು ಮೀಟರ್? ಉತ್ತರ ಪಠ್ಯಪುಸ್ತಕದಲ್ಲಿಲ್ಲ, ನಿಮ್ಮ ಅಂಗಳದಲ್ಲಿದೆ.